ಸ್ವಂತ ಕಂಪನಿಯಿಂದಲೇ ನಿಮ್ಮ ಎಚ್-1ಬಿ: ಮೊದಲು ಗಿರಾಕಿ, ಆಮೇಲೆ ಕಂಪನಿ, ಕೊನೆಗೆ ವೀಸಾ

ಅಮೆರಿಕದಲ್ಲಿ ನಮ್ಮವರು ನಾಲ್ಕು ಜನ ಊಟಕ್ಕೆ ಸೇರಿದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ನಾನೇ ಒಂದು ಕಂಪನಿ ತೆಗೆದು ಅದರಿಂದಲೇ ನನ್ನ ವೀಸಾ ಮಾಡಿಸ್ಕೋಬಹುದಾ?" ಒಬ್ಬರು "ಅದೆಲ್ಲ ಆಗಲ್ಲ ಬಿಡಪ್ಪ" ಅನ್ನುತ್ತಾರೆ. ಇನ್ನೊಬ್ಬರು "ನಮ್ಮ ಭಾವಮೈದ ಮಾಡಿದ್ದಾನಂತೆ" ಅನ್ನುತ್ತಾರೆ. ಮಾತು ಅಲ್ಲಿಗೆ ನಿಂತು ಹೋಳಿಗೆ ಕಡೆಗೆ ತಿರುಗುತ್ತದೆ.

ಆಗುತ್ತದೆ. ಎಚ್-1ಬಿ, ಅಂದರೆ ಡಿಗ್ರಿ ಬೇಕಾದ ಕೆಲಸಕ್ಕೆ ಕಂಪನಿಯೊಂದು ಅರ್ಜಿ ಹಾಕಿ ಕೊಡಿಸುವ ಅಮೆರಿಕದ ವೀಸಾವನ್ನು ನಾನು ಹಾಗೇ ಮಾಡಿಸಿಕೊಂಡಿದ್ದೇನೆ. ಆದರೆ ಎಲ್ಲರಿಗೂ ಆಗುವುದಿಲ್ಲ, ಮತ್ತು ಜಾಸ್ತಿ ಜನ ಇದನ್ನು ತಲೆಕೆಳಗಾಗಿ ಶುರು ಮಾಡುತ್ತಾರೆ. ವೀಸಾ ಬೇಕು ಅಂತ ಕಂಪನಿ ತೆರೆಯುತ್ತಾರೆ, ಕಂಪನಿ ತೆರೆದ ಮೇಲೆ ಅದು ಏನು ಮಾಡಬೇಕು ಅಂತ ಯೋಚಿಸುತ್ತಾರೆ. ಅಲ್ಲೇ ಎಡವುತ್ತಾರೆ. ಮೊದಲು ದುಡ್ಡು ಕೊಡುವ ಗಿರಾಕಿ ಬೇಕು, ಆಮೇಲೆ ಕಂಪನಿ, ಆಮೇಲೆ ವೀಸಾ. ಕೆಳಗೆ ನಾನು ಬರೆದಿರುವುದೆಲ್ಲ ಈ ಕ್ರಮದ ಮೇಲೇ ನಿಂತಿದೆ.

ಈಗ ಯಾಕೆ ಆಗುತ್ತದೆ, ಮುಂಚೆ ಯಾಕೆ ಕಷ್ಟ ಇತ್ತು

2010ರ ಜನವರಿಯಲ್ಲಿ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ಒಂದು ಮೆಮೊ ಹೊರಡಿಸಿತ್ತು. ಎಚ್-1ಬಿ ಕೊಡಬೇಕಾದರೆ ಕಂಪನಿಗೆ ನೌಕರನ ಮೇಲೆ ಹಿಡಿತ ಇರಬೇಕು, ಅವನನ್ನು ಕೆಲಸದಿಂದ ತೆಗೆಯುವ ಅಧಿಕಾರ ಇರಬೇಕು ಅನ್ನುವುದು ಅದರ ಸಾರ. ಕಂಪನಿಯೂ ನೀವೇ, ನೌಕರನೂ ನೀವೇ ಆದರೆ ನಿಮ್ಮನ್ನು ಯಾರು ತೆಗೆಯುತ್ತಾರೆ? ಅದಕ್ಕೇ ಆಗೆಲ್ಲ ಒಂದು ಬೋರ್ಡ್ ಕಟ್ಟಿ, ಹೊರಗಿನ ನಿರ್ದೇಶಕರನ್ನು ಕೂರಿಸಿ, "ಇವರು ಬೇಕಾದರೆ ನನ್ನನ್ನು ತೆಗೆಯಬಹುದು" ಅಂತ ಕಾಗದದಲ್ಲಿ ತೋರಿಸಬೇಕಿತ್ತು. ಆ ಮೆಮೊವನ್ನು 2020ರಲ್ಲಿ ಹಿಂದಕ್ಕೆ ತಗೊಂಡರು. 2025ರ ಜನವರಿ 17ರಂದು ಹೊಸ ನಿಯಮವೇ ಜಾರಿಗೆ ಬಂತು. ಕಂಪನಿಯ ಮಾಲೀಕ ತನ್ನ ಕಂಪನಿಯಿಂದ ಎಚ್-1ಬಿ ಪಡೆಯಬಹುದು ಅಂತ ಮೊದಲ ಸಲ ನಿಯಮದಲ್ಲೇ ಬಿಡಿಸಿ ಬರೆದರು. (ಅದೇ ದಿನ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು. ವೀಸಾ ಕೆಲಸ ಅವತ್ತೇ ಶುರುವಾಗಲಿಲ್ಲ, ಆದರೂ ನನಗೆ ಆ ತಾರೀಖು ಮರೆಯದೆ ಉಳಿದಿದೆ.)

ಆ ನಿಯಮದಲ್ಲಿ ಮೂರು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಕಂಪನಿಯಲ್ಲಿ ನಿಮ್ಮ ಪಾಲು ಶೇ 50ಕ್ಕಿಂತ ಜಾಸ್ತಿ ಇದ್ದರೆ, ಅಥವಾ ಓಟಿನ ಹಕ್ಕಲ್ಲಿ ನಿಮಗೆ ಬಹುಮತ ಇದ್ದರೆ, ನೀವು ಮಾಲೀಕ-ನೌಕರ. ಹಾಗಿದ್ದಾಗ ಮೊದಲ ಮಂಜೂರಾತಿ 18 ತಿಂಗಳಿಗೆ ಮಾತ್ರ, ಮೊದಲ ವಿಸ್ತರಣೆಯೂ 18 ತಿಂಗಳಿಗೆ ಮಾತ್ರ, ಅದಾದ ಮೇಲೆ ಎಲ್ಲರಂತೆ 3 ವರ್ಷದವರೆಗೆ. ಇನ್ನೊಂದು, ನಿಮ್ಮ ಕೆಲಸದ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಡಿಗ್ರಿ ಬೇಕಾದ ಆ ವೃತ್ತಿಯ ಕೆಲಸವೇ ಆಗಿರಬೇಕು. ಉಳಿದ ಸಮಯದಲ್ಲಿ ಕಂಪನಿ ನಡೆಸುವ ಕೆಲಸ, ಅಂದರೆ ಗಿರಾಕಿಗಳ ಹತ್ತಿರ ಮಾತು, ಲೆಕ್ಕಪತ್ರ, ಬಾಡಿಗೆ ಒಪ್ಪಂದ, ಇವನ್ನೆಲ್ಲ ಮಾಡಬಹುದು. ಮೂರನೆಯದು, ಕೆಲಸ ಶುರುವಾಗುವ ದಿನ ಆ ಕೆಲಸ ನಿಜಕ್ಕೂ ಇರಬೇಕು. "ಮುಂದೆ ಬರಬಹುದು" ಅನ್ನುವ ಕೆಲಸಕ್ಕೆ ಕೊಡುವುದಿಲ್ಲ.

ಗೆಳೆಯನ ಜೊತೆ ಸೇರಿ ಸರಿಯಾಗಿ ಅರ್ಧರ್ಧ ಪಾಲಿನಲ್ಲಿ ಕಂಪನಿ ಮಾಡಿದ್ದರೆ, ಓಟಲ್ಲೂ ನಿಮಗೆ ಬಹುಮತ ಇಲ್ಲದಿದ್ದರೆ, ಈ 18 ತಿಂಗಳ ಕಟ್ಟು ನಿಮಗೆ ಬರುವುದಿಲ್ಲ. ಆದರೆ ಅದೊಂದಕ್ಕೇ ಅಂತ ಪಾಲು ಬಿಟ್ಟುಕೊಡಬೇಡಿ. ಒಂದೂವರೆ ವರ್ಷಕ್ಕೊಂದು ಅರ್ಜಿ ಹಾಕುವುದು, ತಪ್ಪು ಜೊತೆಗಾರನ ಜೊತೆ ಹತ್ತು ವರ್ಷ ಏಗುವುದಕ್ಕಿಂತ ವಾಸಿ.

ನೀವು ಎಲ್ಲಿ ನಿಂತಿದ್ದೀರಿ ಅಂತ ಮೊದಲು ನೋಡಿ

ಈಗಾಗಲೇ ಅಮೆರಿಕದಲ್ಲಿ ಎಚ್-1ಬಿ ಮೇಲಿದ್ದೀರಾ? ಹಾಗಾದರೆ ಇದು ನಿಮಗೇ ಹೇಳಿ ಮಾಡಿಸಿದ ದಾರಿ. ನಿಮ್ಮ ಹೆಸರು ಒಮ್ಮೆ ಲಾಟರಿಯಲ್ಲಿ ಬಂದು ವರ್ಷದ 65,000ದ ಅಥವಾ ಅಮೆರಿಕದಲ್ಲಿ ಮಾಸ್ಟರ್ಸ್ ಓದಿದವರ 20,000ದ ಕೋಟಾದಲ್ಲಿ ಎಣಿಕೆ ಆಗಿಹೋಗಿದ್ದರೆ, ನಿಮ್ಮ ಕಂಪನಿ ಅರ್ಜಿ ಹಾಕುವಾಗ ಮತ್ತೆ ಲಾಟರಿ ಇಲ್ಲ. ಇದರಲ್ಲೂ ಎರಡು ಬಗೆ. ಈಗಿನ ಕೆಲಸ ಬಿಟ್ಟು ಪೂರ್ತಿ ನಿಮ್ಮ ಕಂಪನಿಗೆ ಬರುವುದು ಒಂದು. ಈಗಿನ ಕೆಲಸ ಇಟ್ಟುಕೊಂಡೇ ನಿಮ್ಮ ಕಂಪನಿಯಿಂದ ಎರಡನೇ ಎಚ್-1ಬಿ, ಅಂದರೆ ಕನ್‌ಕರೆಂಟ್ ಎಚ್-1ಬಿ, ಅರೆಕಾಲಿಕವಾಗಿ ಪಡೆಯುವುದು ಇನ್ನೊಂದು. ನಾನು ಮಾಡಿದ್ದು ಎರಡನೆಯದು, ಯಾರು ಕೇಳಿದರೂ ಹೇಳುವುದೂ ಅದನ್ನೇ. ನಿಮ್ಮ ಕಂಪನಿಯ ಅರ್ಜಿ ತಿರಸ್ಕಾರವಾದರೂ ಕಾಲ ಕೆಳಗಿನ ನೆಲ ಹಾಗೇ ಇರುತ್ತದೆ, ಮಕ್ಕಳ ಶಾಲೆ, ಮನೆ ಸಾಲ ಯಾವುದೂ ಅಲ್ಲಾಡುವುದಿಲ್ಲ.

ಕೆಲಸ ಹೋಗಿ 60 ದಿನದ ಗಡುವಿನಲ್ಲಿ ಇದ್ದೀರಾ? ಆ ಗಾಬರಿಯಲ್ಲಿ ಕಂಪನಿ ತೆರೆದು ಅರ್ಜಿ ಹಾಕಲು ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಕಾನೂನು ಅಡ್ಡ ಬರುವುದಿಲ್ಲ, ಸಮಯ ಅಡ್ಡ ಬರುತ್ತದೆ. ಕಂಪನಿ, ತೆರಿಗೆ ನಂಬರ್, ಬ್ಯಾಂಕ್ ಖಾತೆ, ಎಲ್‌ಸಿಎ (ಸಂಬಳದ ಬಗ್ಗೆ ಕಾರ್ಮಿಕ ಇಲಾಖೆಗೆ ಬರೆದುಕೊಡುವ ಮಾತು), ಗಿರಾಕಿಯ ಒಪ್ಪಂದ, ಇಷ್ಟೂ 60 ದಿನದಲ್ಲಿ ಕೂಡಿಬರುವುದು ಬಹಳ ಕಷ್ಟ, ಕೂಡಿಬಂದರೂ ನೋಡುವ ಅಧಿಕಾರಿಗೆ ಅದು ಅವಸರದ ಕೆಲಸ ಅಂತ ಗೊತ್ತಾಗುತ್ತದೆ.

ಓದು ಮುಗಿಸಿ ಒಪಿಟಿಯಲ್ಲಿ, ಅಂದರೆ ವಿದ್ಯಾರ್ಥಿ ವೀಸಾದ ಮೇಲೆ ಸಿಗುವ ಕೆಲಸದ ಅನುಮತಿಯಲ್ಲಿ, ಇರುವವರಿಗೆ ಲಾಟರಿ ಇದ್ದೇ ಇದೆ. ನೋಂದಣಿ ಶುಲ್ಕ ಒಬ್ಬರಿಗೆ 215 ಡಾಲರ್. ಒಂದು ಎಚ್ಚರಿಕೆ: ಮೊದಲ 12 ತಿಂಗಳ ಒಪಿಟಿಯಲ್ಲಿ ಸ್ವಂತ ಉದ್ಯೋಗ ಮಾಡಬಹುದು, ಆದರೆ ಅದರ ಮೇಲೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಸಿಗುವ 24 ತಿಂಗಳ ಸ್ಟೆಮ್ ವಿಸ್ತರಣೆಯಲ್ಲಿ ಹಾಗೆ ಮಾಡುವಂತಿಲ್ಲ. ನಿಮ್ಮ ತರಬೇತಿ ಪತ್ರಕ್ಕೆ ನಿಮಗೆ ನೀವೇ ಯಜಮಾನ ಅಂತ ಸಹಿ ಹಾಕುವ ಹಾಗಿಲ್ಲ.

ಭಾರತದಲ್ಲಿ ಕೂತು ಈ ದಾರಿ ಯೋಚಿಸುತ್ತಿರುವವರಿಗೆ ಬೇಸರದ ಸುದ್ದಿ. 2025ರ ಸೆಪ್ಟೆಂಬರ್ 21ರಿಂದ, ಅಮೆರಿಕದ ಹೊರಗಿರುವವರಿಗೆ ಹಾಕುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು ಅನ್ನುವ ಆದೇಶ ಬಂತು. ಅಮೆರಿಕದ ಒಳಗೇ ಇದ್ದು ಕಂಪನಿ ಬದಲಿಸುವವರಿಗೆ, ವಿಸ್ತರಣೆ ಕೇಳುವವರಿಗೆ ಇದು ತಾಗುವುದಿಲ್ಲ ಅಂತ ಅಕ್ಟೋಬರ್‌ನಲ್ಲಿ ಬಿಡಿಸಿ ಹೇಳಿದರು. ಆ ಆದೇಶ ಹೊರಟಿದ್ದು 12 ತಿಂಗಳಿಗೆ, ಆದ್ದರಿಂದ ನೀವು ಅರ್ಜಿ ಹಾಕುವ ವಾರ ಏನು ನಡೀತಿದೆ ಅಂತ ನೋಡಿಕೊಂಡೇ ಮುಂದೆ ಹೋಗಿ. ಈಗಷ್ಟೇ ಕಣ್ಣು ಬಿಡುತ್ತಿರುವ ಕಂಪನಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಇ-2 ಅನ್ನುವ ಹೂಡಿಕೆದಾರರ ವೀಸಾ ಬಗ್ಗೆ ಕೇಳಿರುತ್ತೀರಿ, ಭಾರತಕ್ಕೂ ಅಮೆರಿಕಕ್ಕೂ ಅದರ ಒಪ್ಪಂದ ಇಲ್ಲ, ಭಾರತದ ಪಾಸ್‌ಪೋರ್ಟಿಗೆ ಅದು ಸಿಗುವುದಿಲ್ಲ. ನಿಮಗೆ ಬೇರೆ ದಾರಿ ಇದೆ, ಕೆಳಗೆ ಹೇಳುತ್ತೇನೆ.

ಗಿರಾಕಿ

ನಾನು ಸಣ್ಣ ಗೋದಾಮುಗಳಿಗೆ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಬೇಕು ಅಂದುಕೊಂಡಿದ್ದೆ. ಒಂದು ಸಾಲು ಕೋಡ್ ಬರೆಯುವ ಮೊದಲು ಏಳೆಂಟು ಶನಿವಾರ ಗೋದಾಮು ಗೋದಾಮು ಸುತ್ತಿದೆ. ಅಕ್ಕಿ, ಬೇಳೆ ತರಿಸುವ ಒಬ್ಬರು ಎಲ್ಲವನ್ನೂ ಹಸಿರು ರಟ್ಟಿನ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು, ಪುಟದ ಅಂಚಲ್ಲಿ ಪೆನ್ಸಿಲಿನಲ್ಲಿ ಮೂಟೆ ಲೆಕ್ಕ, ಅದರ ಮೇಲೆ ಅರಿಶಿನದ ಕಲೆ. ಅವರು ಹೇಳಿದರು, "ಈ ಪುಸ್ತಕ ಕಳೆದುಹೋದರೆ ನನ್ನ ಕಥೆ ಮುಗೀತು." ಅವರೇ ನನ್ನ ಮೊದಲ ಗಿರಾಕಿ. "ನೀವು ಮಾಡಿಕೊಟ್ಟರೆ ತಿಂಗಳಿಗೆ ಇಷ್ಟು ಡಾಲರ್‌ನಂತೆ ಒಂದು ವರ್ಷ ತಗೊಳ್ಳುತ್ತೇವೆ" ಅಂತ ಅವರು ಸಹಿ ಹಾಕಿ ಕೊಟ್ಟ ಪತ್ರ, ಇನ್ನಿಬ್ಬರು ಕೊಟ್ಟ ಅಂಥದೇ ಪತ್ರ, ಇವೇ ನನ್ನ ಅರ್ಜಿಯ ಬೆನ್ನೆಲುಬು ಆದವು.

ಇಲ್ಲಿ ಒಂದು ಗೆರೆ ಇದೆ, ದಾಟಬೇಡಿ. ಎಚ್-1ಬಿ ಮೇಲಿದ್ದು ಕಂಪನಿ ನೋಂದಾಯಿಸಬಹುದು, ಷೇರು ಹೊಂದಬಹುದು, ಬ್ಯಾಂಕ್ ಖಾತೆ ತೆರೆಯಬಹುದು, ಜನರ ಹತ್ತಿರ ಮಾತಾಡಬಹುದು. ಆದರೆ ಆ ಕಂಪನಿಯ ಅರ್ಜಿ ಹೋಗುವ ತನಕ ಕಂಪನಿಗಾಗಿ ಕೆಲಸ ಮಾಡುವಂತಿಲ್ಲ. ಗಿರಾಕಿಗೆ ಮಾಲು ಮಾಡಿಕೊಡುವುದು, ಬಿಲ್ ಕಳಿಸುವುದು, ಎರಡೂ ಕೂಡದು. "ಸಂಬಳ ತಗೊಳ್ತಿಲ್ಲವಲ್ಲ, ಪುಕ್ಕಟೆ ತಾನೇ ಮಾಡ್ತಿರೋದು" ಅನ್ನುವ ಸಮಾಧಾನ ನಡೆಯುವುದಿಲ್ಲ. ಅನುಮತಿ ಇಲ್ಲದೆ ಮಾಡಿದ ಕೆಲಸ ಮುಂದೆ ಗ್ರೀನ್ ಕಾರ್ಡ್ ಹೊತ್ತಿಗೂ ಎದ್ದು ಬರುತ್ತದೆ.

ಈಗಿನ ಕಂಪನಿಯ ಆಫರ್ ಪತ್ರವನ್ನೂ ಮತ್ತೆ ತೆಗೆದು ಓದಿ. ಹೊರಗೆ ಇನ್ನೊಂದು ಕೆಲಸ ಮಾಡಬಾರದು ಅಂತಲೋ, ನೀವು ಕಂಡುಹಿಡಿದಿದ್ದೆಲ್ಲ ನಮ್ಮದು ಅಂತಲೋ ಒಂದು ಸಾಲು ಇದ್ದೇ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದ್ದರೆ ಅಲ್ಲಿನ ಕಾರ್ಮಿಕ ಕಾಯ್ದೆಯ 2870ನೇ ಸೆಕ್ಷನ್ ನಿಮ್ಮ ಪರ: ನಿಮ್ಮ ಸಮಯದಲ್ಲಿ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾಡಿದ್ದು, ಅವರ ವ್ಯವಹಾರಕ್ಕೆ ಸಂಬಂಧ ಇಲ್ಲದ್ದು ನಿಮ್ಮದೇ. ಆದರೂ ಲಿಖಿತ ಒಪ್ಪಿಗೆ ತಗೊಳ್ಳಿ. ನಾನು ಮ್ಯಾನೇಜರ್‌ಗೆ ಮೇಲ್ ಹಾಕಿ, ಎಚ್‌ಆರ್‌ನಿಂದ "ಸರಿ" ಅನ್ನುವ ಒಂದು ಸಾಲಿನ ಉತ್ತರ ಬರಲು ಐದು ವಾರ ಕಾದೆ. ಕಾದದ್ದು ಒಳ್ಳೆಯದೇ ಆಯಿತು.

ಕಂಪನಿ ಕಟ್ಟುವುದು

ನಾನು ಡೆಲವೇರ್ ರಾಜ್ಯದ ಸಿ-ಕಾರ್ಪ್, ಅಂದರೆ ತನ್ನ ತೆರಿಗೆ ತಾನೇ ಕಟ್ಟುವ ಷೇರು ಕಂಪನಿ, ಮಾಡಿದೆ. ಎಲ್‌ಎಲ್‌ಸಿ ಅನ್ನುವ ಇನ್ನೊಂದು ಬಗೆಯ ಕಂಪನಿ ಅಗ್ಗ, ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಸಾಮಾನ್ಯ ಎಲ್‌ಎಲ್‌ಸಿಯಲ್ಲಿ ತೆರಿಗೆ ಲೆಕ್ಕಕ್ಕೆ ಮಾಲೀಕ ನೌಕರ ಆಗುವುದಿಲ್ಲ, ಸಂಬಳ ಕೊಟ್ಟು ಡಬ್ಲ್ಯೂ-2, ಅಂದರೆ ನೌಕರನ ವರ್ಷದ ಸಂಬಳ-ತೆರಿಗೆ ಪತ್ರ, ಕೊಡುವ ಹಾಗಿಲ್ಲ. ಎಚ್-1ಬಿ ನಿಂತಿರುವುದೇ ಆ ಸಂಬಳದ ಮೇಲೆ. ಎಲ್‌ಎಲ್‌ಸಿಯನ್ನೇ ಕಾರ್ಪೊರೇಷನ್ ಥರ ತೆರಿಗೆ ಕಟ್ಟುವಂತೆ ಬದಲಿಸಬಹುದು, ಆದರೆ ಸುಮ್ನೆ ಯಾಕೆ ಸುತ್ತು ದಾರಿ?

ಡೆಲವೇರ್‌ನಲ್ಲಿ ಹುಟ್ಟಿಸಿದ ಕಂಪನಿಯನ್ನು ನೀವು ವಾಸ ಇರುವ ರಾಜ್ಯದಲ್ಲೂ ನೋಂದಾಯಿಸಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಇಐಎನ್ ಅನ್ನುವ ಕಂಪನಿಯ ತೆರಿಗೆ ನಂಬರ್ ಬರುತ್ತದೆ, ಅದರ ಜೊತೆ ಸಿಪಿ 575 ಅನ್ನುವ ಪತ್ರ ಬರುತ್ತದೆ. ಆ ಪತ್ರವನ್ನು ಮನೆಯ ಕ್ರಯಪತ್ರ ಇಡುವ ಕಡೆ ಇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಕಂಪನಿಗೆ ಹಾಕುವ ಬಂಡವಾಳವನ್ನು ಷೇರು ಖರೀದಿ ಅಂತ ಕಾಗದ ಮಾಡಿ ಹಾಕಿ, ಫೋನಿನಿಂದ ಹಾಗೇ ದುಡ್ಡು ದಾಟಿಸಬೇಡಿ. ಡೆಲವೇರ್ ಫ್ರಾಂಚೈಸ್ ತೆರಿಗೆಗೆ ಪ್ರತಿ ವರ್ಷ ಮಾರ್ಚ್ 1 ಗಡುವು.

ಈಗ ದುಡ್ಡಿನ ಲೆಕ್ಕ, ಇದನ್ನು ಕಣ್ಣು ಮುಚ್ಚಿ ದಾಟಬೇಡಿ. ಎಚ್-1ಬಿಯಲ್ಲಿ ಕಂಪನಿ ನಿಮಗೆ ಸಂಬಳ ಕೊಡಲೇಬೇಕು. ಗಿರಾಕಿ ದುಡ್ಡು ಕೊಡಲಿ ಬಿಡಲಿ, ಕೆಲಸ ಇರಲಿ ಇಲ್ಲದಿರಲಿ, ಎಲ್‌ಸಿಎಯಲ್ಲಿ ಬರೆದ ಸಂಬಳ ಬರೆದ ತಾರೀಖಿಗೆ ಹೋಗಬೇಕು. "ನಮ್ಮದೇ ಕಂಪನಿ, ಈ ತಿಂಗಳು ಬೇಡ ಬಿಡು" ಅನ್ನುವ ಸ್ವಾತಂತ್ರ್ಯ ನಿಮಗಿಲ್ಲ. ಉದಾಹರಣೆಗೆ ವಾರಕ್ಕೆ 20 ಗಂಟೆ, ಗಂಟೆಗೆ 65 ಡಾಲರ್ ಅಂದರೆ ವಾರಕ್ಕೆ 1,300. ಹದಿನೆಂಟು ತಿಂಗಳು ಅಂದರೆ 78 ವಾರ, ಒಟ್ಟು 1,01,400 ಡಾಲರ್. ಅದರ ಮೇಲೆ ಕಂಪನಿ ಕಟ್ಟುವ ಶೇ 7.65 ತೆರಿಗೆ, ಇನ್ನೊಂದು 7,757. ಇಷ್ಟೂ ದುಡ್ಡು ಮೊದಲ ದಿನವೇ ಬ್ಯಾಂಕಿನಲ್ಲಿ ಇರಬೇಕು ಅಂತ ಕಾನೂನು ಹೇಳುವುದಿಲ್ಲ. ಆದರೆ ಕನಿಷ್ಠ ಆರು ತಿಂಗಳ ಸಂಬಳ ಖಾತೆಯಲ್ಲಿ ಕಾಣುವ ತನಕ, ಉಳಿದದ್ದಕ್ಕೆ ಗಿರಾಕಿಗಳ ಪತ್ರ ಕೈಯಲ್ಲಿರುವ ತನಕ, ಅರ್ಜಿ ಹಾಕಬೇಡಿ ಅನ್ನುವುದು ನನ್ನ ಮಾತು. ನಿಮ್ಮ ಉಳಿತಾಯವನ್ನೇ ಕಂಪನಿಗೆ ಹಾಕಿ, ಅದನ್ನೇ ಸಂಬಳ ಅಂತ ವಾಪಸ್ ತಗೊಂಡು, ಮತ್ತೆ ಅದನ್ನೇ ಹಾಕುತ್ತಾ ಹೋದರೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದವರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಎಲ್‌ಸಿಎ, ಅಂದರೆ ನಾನು ಮುಗ್ಗರಿಸಿದ ಜಾಗ

ಅರ್ಜಿಗೆ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಬರಬೇಕು. ಇಂಥ ಊರಲ್ಲಿ ಇಂಥ ಕೆಲಸಕ್ಕೆ ಇಷ್ಟು ಸಂಬಳ ಕೊಡುತ್ತೇವೆ ಅಂತ ಕಂಪನಿ ಬರೆದುಕೊಡುವ ಮಾತು ಅದು. ಸಂಬಳದಲ್ಲಿ ನಾಲ್ಕು ಹಂತ ಇದೆ, ಹಂತ ಹಂತಕ್ಕೆ ಕನಿಷ್ಠ ಮೊತ್ತ ಬೇರೆ, ಪ್ರತಿ ಜುಲೈಗೆ ಅದು ಬದಲಾಗುತ್ತದೆ. ಹಾಕಿದ ಮೇಲೆ ಏಳು ಕೆಲಸದ ದಿನದಲ್ಲಿ ಉತ್ತರ ಬರುತ್ತದೆ.

ನನಗೆ ಬಂದ ಉತ್ತರ ತಿರಸ್ಕಾರ. ಕಾರಣ ಇಷ್ಟೇ, ಇಲಾಖೆಯ ಕಂಪ್ಯೂಟರಿನಲ್ಲಿ ನನ್ನ ಕಂಪನಿಯ ತೆರಿಗೆ ನಂಬರ್ ಹೊಂದಲಿಲ್ಲ. ಹೊಸ ಕಂಪನಿಗಳಿಗೆ ಇದು ಸಾಮಾನ್ಯವಾಗಿ ಆಗುವಂಥದ್ದು, ಆದರೆ ನನಗೆ ಯಾರೂ ಹೇಳಿರಲಿಲ್ಲ. ನಾನು ದುಡ್ಡು ಕೊಟ್ಟು ಇಟ್ಟುಕೊಂಡಿದ್ದ ವಕೀಲರ ಕಚೇರಿಯವರೂ ಹೇಳಿರಲಿಲ್ಲ. ಅಡುಗೆಮನೆ ಮೇಜಿನ ಮೇಲೆ ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದೆ. ಡೆಲವೇರ್ ಪ್ರಮಾಣಪತ್ರದಲ್ಲಿ ಕಂಪನಿ ಹೆಸರು, ಅದರ ಮುಂದೆ ಒಂದು ಅಲ್ಪವಿರಾಮ, ಆಮೇಲೆ ಇಂಕ್. ಐಆರ್‌ಎಸ್ ಪತ್ರದಲ್ಲಿ ಅಲ್ಪವಿರಾಮ ಇಲ್ಲ. ಅದೊಂದೇ ಕಾರಣವೋ, ನಂಬರ್ ಹೊಸದು ಅಂತಲೋ, ಅವರು ಹೇಳಲಿಲ್ಲ. ಸಿಪಿ 575 ಪತ್ರವನ್ನು ಸ್ಕ್ಯಾನ್ ಮಾಡಿ ಕಳಿಸಿ ನಂಬರ್ ಖಾತರಿ ಮಾಡಿಸಿಕೊಂಡು, ಹೆಸರನ್ನು ಪತ್ರದಲ್ಲಿ ಇದ್ದ ಹಾಗೇ ಟೈಪ್ ಮಾಡಿ ಎರಡನೇ ಸಲ ಹಾಕಿದೆ, ಬಂತು. ಮೂರು ವಾರ ಹೋಯಿತು. ನಾನು 60 ದಿನದ ಗಡುವಿನಲ್ಲಿ ಇದ್ದಿದ್ದರೆ? ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆದ್ದರಿಂದ ಕಂಪನಿ ತೆರೆದ ವಾರವೇ ಹೆಸರು ಎಲ್ಲ ಕಾಗದದಲ್ಲೂ ಅಕ್ಷರಕ್ಕೆ ಅಕ್ಷರ, ಚುಕ್ಕಿಗೆ ಚುಕ್ಕಿ ಒಂದೇ ಇದೆಯಾ ನೋಡಿ.

ಎಲ್‌ಸಿಎ ನೋಟಿಸನ್ನು ಕೆಲಸದ ಜಾಗದಲ್ಲಿ ಎರಡು ಕಡೆ ಕಾಣುವ ಹಾಗೆ 10 ದಿನ ಅಂಟಿಸಬೇಕು. ನನ್ನ ಕೆಲಸದ ಜಾಗ ನನ್ನ ಮನೆ. ಒಂದನ್ನು ಫ್ರಿಜ್ ಮೇಲೆ, ಇನ್ನೊಂದನ್ನು ಬಾಗಿಲ ಪಕ್ಕ ಅಂಟಿಸಿ, ಅಂಟಿಸಿದ ದಿನ, ತೆಗೆದ ದಿನ ಎರಡನ್ನೂ ಬರೆದು, ಫೋಟೊ ತೆಗೆದು ಫೈಲಿನಲ್ಲಿ ಇಟ್ಟೆ. ಆ ಫೈಲ್ ಯಾರು ಕೇಳಿದರೂ ತೋರಿಸುವಂತೆ ಇರಬೇಕು ಅಂತ ನಿಯಮ ಇದೆ. ಮನೆ ಬದಲಿಸಿ ಬೇರೆ ಪ್ರದೇಶಕ್ಕೆ ಹೋದರೆ ತಿದ್ದುಪಡಿ ಅರ್ಜಿ ಹಾಕಬೇಕು, ಇದನ್ನೂ ಮರೆಯಬೇಡಿ.

ಅರ್ಜಿ

ಎಚ್-1ಬಿಗೆ ಕಂಪನಿ ಹಾಕುವ ಐ-129 ಫಾರ್ಮಿನ ಜೊತೆ ಹೋಗುವ ಕಂಪನಿ ಪತ್ರದಲ್ಲಿ ನಿಮ್ಮ ಕೆಲಸದ ವಿವರ ಇರುತ್ತದೆ, ಎಲ್ಲ ನಿಂತಿರುವುದು ಅದರ ಮೇಲೆ. "ಸಿಇಒ" ಅಂತ ಬರೆಯಬೇಡಿ. ಮೂರು ಗಿರಾಕಿ ಇರುವ ಕಂಪನಿಯಲ್ಲಿ ಸಿಇಒ ಅನ್ನುವುದು ಡಿಗ್ರಿ ಬೇಕಾದ ವೃತ್ತಿ ಅಂತ ಒಪ್ಪಿಸುವುದು ಕಷ್ಟ. ನೀವು ನಿಜಕ್ಕೂ ಮಾಡುವ ಕೆಲಸದ ಹೆಸರು ಬರೆಯಿರಿ. ನನ್ನದು ಸಾಫ್ಟ್‌ವೇರ್ ಡೆವಲಪರ್. ಯಾವ ಕೆಲಸಕ್ಕೆ ವಾರಕ್ಕೆ ಎಷ್ಟು ಗಂಟೆ ಅಂತ ಬಿಡಿಸಿ ಬರೆದೆ: ಡೇಟಾಬೇಸ್ ವಿನ್ಯಾಸ, ಬಾರ್‌ಕೋಡ್ ಓದುವ ಭಾಗ, ಪರೀಕ್ಷೆ, ಇವೆಲ್ಲ ಸೇರಿ 15 ಗಂಟೆ, ಕಂಪನಿ ನಡೆಸುವ ಕೆಲಸ 5 ಗಂಟೆ. ಇದು ಬರೀ ಕಾಗದದ ಲೆಕ್ಕ ಅಲ್ಲ, ಹಾಗೇ ನಡೆದುಕೊಳ್ಳಬೇಕು, ಯಾಕೆಂದರೆ ವಿಸ್ತರಣೆ ಹೊತ್ತಿಗೆ ಇದನ್ನೇ ಕೇಳುತ್ತಾರೆ.

ಗಿರಾಕಿಗಳ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಷೇರು ಯಾರ ಹೆಸರಲ್ಲಿ ಎಷ್ಟು ಅನ್ನುವ ಪಟ್ಟಿ, ಬಿಸಿನೆಸ್ ಪ್ಲಾನ್, ಸಾಫ್ಟ್‌ವೇರಿನ ಕರಡು ಚಿತ್ರಗಳು, ಇವನ್ನು ಲಗತ್ತಿಸಿ. ಪ್ಲಾನ್ 40 ಪುಟ ಬೇಕಿಲ್ಲ. ನನ್ನದು ಒಂಬತ್ತು ಪುಟ ಇತ್ತು, ಅದರಲ್ಲಿ ನಾಲ್ಕು ಪುಟ ಗೋದಾಮಿನವರ ಕಷ್ಟದ ಬಗ್ಗೆಯೇ. ಮಾಲೀಕತ್ವವನ್ನು ಮುಚ್ಚಿಡಬೇಡಿ. ಫಾರ್ಮಿನಲ್ಲೇ ಕೇಳುತ್ತಾರೆ, ನೇರವಾಗಿ "ಹೌದು" ಅಂತ ಬರೆಯಿರಿ. ಹೆಂಡತಿ ಹೆಸರಲ್ಲೋ ಗೆಳೆಯನ ಹೆಸರಲ್ಲೋ ಷೇರು ಇಟ್ಟು ನಾಟಕ ಆಡಿದವರ ಕಥೆ ಕೇಳಿದ್ದೇನೆ, ನಿಯಮವೇ ಬಾಗಿಲು ತೆರೆದಿರುವಾಗ ಹಿತ್ತಲಿಂದ ಯಾಕೆ ಹೋಗಬೇಕು ಅಲ್ವಾ?

ಶುಲ್ಕ, 25 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಕಂಪನಿಗೆ 2024ರ ಏಪ್ರಿಲ್ 1ರಿಂದ ಇರುವ ಪಟ್ಟಿಯಂತೆ: ಅರ್ಜಿಗೆ 460, ತರಬೇತಿ ನಿಧಿಗೆ 750, ವಂಚನೆ ತಡೆ ಶುಲ್ಕ 500, ಅಸೈಲಂ ಶುಲ್ಕ 300, ಒಟ್ಟು 2,010 ಡಾಲರ್. ಬೇಗ ಉತ್ತರ ಬೇಕು ಅಂದರೆ ಪ್ರೀಮಿಯಂಗೆ ಹೆಚ್ಚುಕಡಿಮೆ ಇನ್ನೊಂದು 3,000. ಈ ಅರ್ಜಿ ಶುಲ್ಕ, ವಕೀಲರ ಶುಲ್ಕ ಎಲ್ಲ ಕಂಪನಿ ಖಾತೆಯಿಂದಲೇ ಹೋಗಬೇಕು, ನಿಮ್ಮ ಸ್ವಂತ ಕ್ರೆಡಿಟ್ ಕಾರ್ಡ್ ಹತ್ತಿರ ಕೈ ಹಾಕಬೇಡಿ.

ಅರ್ಜಿ ತಲುಪಿದ ದಿನದಿಂದಲೇ ಹೊಸ ಕಂಪನಿಯಲ್ಲಿ ಕೆಲಸ ಶುರು ಮಾಡಬಹುದು ಅಂತ ಕಾನೂನು ಇದೆ. ನಾನು ಮಾಡಲಿಲ್ಲ, ಮಂಜೂರಾತಿ ಬರುವ ತನಕ ಕಾದೆ. ಮಧ್ಯೆ ಆರ್‌ಎಫ್‌ಇ, ಅಂದರೆ ಇನ್ನಷ್ಟು ದಾಖಲೆ ಕೇಳುವ ಪತ್ರ, ಬಂತು, ಗಿರಾಕಿಗಳ ಜೊತೆ ನಿಜವಾದ ಒಪ್ಪಂದ ತೋರಿಸಿ ಅಂತ. ಅಕ್ಕಿ ಗೋದಾಮಿನವರು ಪತ್ರದ ಜಾಗದಲ್ಲಿ ಪೂರ್ತಿ ಒಪ್ಪಂದಕ್ಕೆ ಸಹಿ ಮಾಡಿ, "ಆ ಆಫೀಸಿನವರಿಗೆ ಬೇಕಾದರೆ ನನ್ನ ಲೆಕ್ಕದ ಪುಸ್ತಕವನ್ನೂ ಕಳಿಸಿ" ಅಂದರು. ಪುಸ್ತಕದ ಒಂದು ಪುಟದ ಫೋಟೊ ನಿಜಕ್ಕೂ ಕಳಿಸಿದೆ, ಅರಿಶಿನದ ಕಲೆ ಸಮೇತ.

ಮಂಜೂರಾದ ಮೇಲೆ

ಪೇರೋಲ್ ಸೇವೆಯೊಂದಕ್ಕೆ ಸೇರಿಕೊಳ್ಳಿ, ಕೈಯಿಂದ ಚೆಕ್ ಬರೆಯುವ ಸಾಹಸ ಬೇಡ. ಮೂರು ತಿಂಗಳಿಗೊಮ್ಮೆ ಸಂಬಳದ ತೆರಿಗೆ ಲೆಕ್ಕ ಕೊಡುವ 941 ಫಾರ್ಮ್, ವರ್ಷಕ್ಕೊಮ್ಮೆ ಡಬ್ಲ್ಯೂ-2. ಸ್ಥಳ ಪರಿಶೀಲನೆಗೆ ಅಧಿಕಾರಿ ಹೇಳದೆ ಕೇಳದೆ ಮನೆ ಬಾಗಿಲಿಗೇ ಬರಬಹುದು. ಮನೆಯಲ್ಲಿ ಅಪ್ಪ ಅಮ್ಮ ಊರಿಂದ ಬಂದಿದ್ದರೆ ಅವರಿಗೂ ಹೇಳಿಡಿ, ಗಾಬರಿಯಾಗಿ "ಇಲ್ಲಿ ಯಾವ ಕಂಪನಿನೂ ಇಲ್ಲಪ್ಪ" ಅಂದುಬಿಟ್ಟಾರು.

ಗ್ರೀನ್ ಕಾರ್ಡ್ ವಿಷಯದಲ್ಲಿ ಬಹಳ ಆಸೆ ಇಟ್ಟುಕೊಳ್ಳಬೇಡಿ. ಸ್ವಂತ ಕಂಪನಿಯಿಂದ ಪರ್ಮ್, ಅಂದರೆ ಗ್ರೀನ್ ಕಾರ್ಡಿಗೆ ಮೊದಲು ಬೇಕಾದ ಕಾರ್ಮಿಕ ಇಲಾಖೆಯ ಒಪ್ಪಿಗೆ, ಮಾಡಿಸುವುದು ತುಂಬಾ ಕಷ್ಟ, ಯಾಕೆಂದರೆ ಅಲ್ಲಿ ಆ ಕೆಲಸ ಬೇರೆ ಅಮೆರಿಕನ್ನರಿಗೂ ಮುಕ್ತವಾಗಿತ್ತು ಅಂತ ತೋರಿಸಬೇಕು, ಮಾಲೀಕನೇ ಅಭ್ಯರ್ಥಿ ಆದಾಗ ಅದನ್ನು ಯಾರು ನಂಬುತ್ತಾರೆ? ಮಾಲೀಕರಿಗೆ ಹೊಂದುವುದು ಕಂಪನಿಯ ಹಂಗಿಲ್ಲದೆ ತಾವೇ ಹಾಕಿಕೊಳ್ಳುವ ಇಬಿ-1ಎ (ಅಸಾಧಾರಣ ಸಾಧನೆ ಇರುವವರಿಗೆ) ಅಥವಾ ಎನ್‌ಐಡಬ್ಲ್ಯೂ (ಅಮೆರಿಕದ ಹಿತಕ್ಕೆ ಬೇಕಾದ ಕೆಲಸ ಮಾಡುವವರಿಗೆ). ಹಳೆ ಕಂಪನಿಯಿಂದ ಐ-140, ಅಂದರೆ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ, ಮಂಜೂರಾಗಿದ್ದರೆ 180 ದಿನ ದಾಟುವ ತನಕ ಅಲ್ಲೇ ಇರಿ. ಅವರು ಹಿಂದಕ್ಕೆ ತಗೊಂಡರೂ ನಿಮ್ಮ ಸರತಿಯ ತಾರೀಖು ಉಳಿಯುತ್ತದೆ, 180 ದಿನ ದಾಟಿದ ಮೇಲಾದರೆ ಆರು ವರ್ಷದ ಮಿತಿ ದಾಟಿದ ಎಚ್-1ಬಿಗೂ ಆ ಐ-140 ಆಸರೆಯಾಗುತ್ತದೆ. ನಮ್ಮ ಸರತಿ ದಶಕಕ್ಕೂ ಉದ್ದ ಇರುವಾಗ ಆ ಒಂದು ತಾರೀಖು ಚಿನ್ನ.

ಊರಲ್ಲಿ ಕಂಪನಿ ಇರುವವರಿಗೆ

ಬೆಂಗಳೂರಲ್ಲೋ ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ನಿಮ್ಮದೇ ಪ್ರೈವೇಟ್ ಲಿಮಿಟೆಡ್ ಕಂಪನಿ ಚೆನ್ನಾಗಿ ನಡೀತಿದ್ದರೆ ಎಲ್-1ಎ, ಅಂದರೆ ಒಂದೇ ಕಂಪನಿಯೊಳಗೆ ಅಮೆರಿಕಕ್ಕೆ ವರ್ಗವಾಗುವ ಮ್ಯಾನೇಜರ್‌ಗಳ ವೀಸಾ, ನೋಡಿ. ಅಮೆರಿಕದಲ್ಲಿ ಅದರ ಶಾಖೆ ಅಥವಾ ಅಂಗಸಂಸ್ಥೆ ತೆರೆದು ನೀವೇ ಮ್ಯಾನೇಜರ್ ಆಗಿ ಹೋಗಬಹುದು. ಹಿಂದಿನ ಮೂರು ವರ್ಷದಲ್ಲಿ ಸತತ ಒಂದು ವರ್ಷ ಊರಿನ ಕಂಪನಿಯಲ್ಲಿ ಆ ಮಟ್ಟದ ಕೆಲಸ ಮಾಡಿರಬೇಕು, ಅಮೆರಿಕದಲ್ಲಿ ಆಫೀಸ್ ಜಾಗ ಹಿಡಿದಿರಬೇಕು. ಹೊಸ ಆಫೀಸಿಗೆ ಮೊದಲು ಸಿಗುವುದು ಒಂದೇ ವರ್ಷ. ಆ ವರ್ಷದೊಳಗೆ ಅಲ್ಲಿ ಜನರನ್ನು ಸೇರಿಸಿಕೊಂಡು ನಿಜವಾದ ವ್ಯಾಪಾರ ತೋರಿಸಬೇಕು, ಒಟ್ಟು 7 ವರ್ಷದವರೆಗೆ ಇರಬಹುದು. ಊರಿನ ಕಂಪನಿಗೆ ಬೀಗ ಹಾಕಿ ಬಂದರೆ ಎಲ್-1 ಮುಗಿಯಿತು, ಎರಡೂ ಕಡೆ ವ್ಯಾಪಾರ ನಡೆಯುತ್ತಿರಬೇಕು. ಮಾಲೀಕರಾದರೆ ಕೆಲಸ ಮುಗಿದ ಮೇಲೆ ಅಮೆರಿಕ ಬಿಟ್ಟು ಹೊರದೇಶದ ಕೆಲಸಕ್ಕೆ ಮರಳುತ್ತೀರಿ ಅಂತಲೂ ತೋರಿಸಬೇಕು. ಬಂಡವಾಳ ಕಳಿಸುವುದು ಬ್ಯಾಂಕ್ ಮೂಲಕ, 2022ರ ಹೊರದೇಶ ಹೂಡಿಕೆ ನಿಯಮದ ಪ್ರಕಾರ. ಮೊದಲು ಸಿಎ ಹತ್ತಿರ ಕೂತು ಮಾತಾಡಿ, ಆಮೇಲೆ ವೀಸಾ ವಕೀಲರು.

ಹದಿನೆಂಟು ತಿಂಗಳು ಕಣ್ಣು ಮುಚ್ಚಿ ಬಿಡುವುದರಲ್ಲಿ ಹೋಗುತ್ತದೆ

ಮುಗಿಯುವ ಆರು ತಿಂಗಳು ಮೊದಲೇ ವಿಸ್ತರಣೆಗೆ ಅರ್ಜಿ ಹಾಕಬಹುದು, ಅಂದರೆ ಮಂಜೂರಾಗಿ ಒಂದು ವರ್ಷಕ್ಕೆ. ಅಷ್ಟರಲ್ಲಿ ನಾನು ಒಂದು ರಟ್ಟಿನ ಡಬ್ಬದಲ್ಲಿ ಇವನ್ನು ತುಂಬಿಸಿದ್ದೆ: ಎಲ್ಲ ಪೇ ಸ್ಲಿಪ್, ನಾಲ್ಕು 941, ಗಿರಾಕಿಗಳಿಗೆ ಕಳಿಸಿದ ಬಿಲ್ ಮತ್ತು ಅವರು ಕಟ್ಟಿದ ದುಡ್ಡಿನ ದಾಖಲೆ, ವಾರ ವಾರದ ಗಂಟೆ ಲೆಕ್ಕದ ಹಾಳೆ, ಸಾಫ್ಟ್‌ವೇರಿನ ಪ್ರತಿ ಆವೃತ್ತಿಯ ತಾರೀಖು. ಸಮಯಕ್ಕೆ ಹಾಕಿದ ವಿಸ್ತರಣೆ ಅರ್ಜಿ ಬಾಕಿ ಇದ್ದಾಗ ಹಳೆ ಅವಧಿ ಮುಗಿದರೂ 240 ದಿನದವರೆಗೆ ಕೆಲಸ ಮುಂದುವರಿಸಬಹುದು, ಆದ್ದರಿಂದ ಪ್ರೀಮಿಯಂ ದುಡ್ಡು ಉಳಿಸಿಕೊಳ್ಳುವುದಾದರೆ ಉಳಿಸಿಕೊಳ್ಳಿ. ಆದರೆ ಊರಿಗೆ ಹೋಗುವ ಟಿಕೆಟ್ ಆ ನಡುವೆ ಮಾಡಿಸಬೇಡಿ. ಮದುವೆ, ಗೃಹಪ್ರವೇಶ ಏನೇ ಇದ್ದರೂ ಮಂಜೂರಾತಿ ಪತ್ರ ಕೈಗೆ ಬಂದ ಮೇಲೆ ತಾರೀಖು ನೋಡಿ, ಪಾಸ್‌ಪೋರ್ಟಿಗೆ ವೀಸಾ ಹಾಕಿಸುವ ಸ್ಟಾಂಪಿಂಗ್ ಅಪಾಯಿಂಟ್‌ಮೆಂಟ್ ಸಿಕ್ಕ ಮೇಲೆ ವಿಮಾನ ಹತ್ತಿ.